ಬಿಚ್ಚಲು ಬರುವಂತೆ ಮುಚ್ಚುವುದು

ತೂಬಗೆರೆಯಲ್ಲಿ ಬೋರ್‌ವೆಲ್ ಮೋಟಾರ್‌ಗಳಿಗೆ ವೈಂಡಿಂಗ್ ಮಾಡುವ ಒಂದು ಅಂಗಡಿ. ಮಾತಾಡುತ್ತಿರುವವರು ಅಂಗಡಿಯ ಯಜಮಾನರು ಮತ್ತು ಬೆಂಗಳೂರಿನಿಂದ ಬಂದಿರುವ ಅವರ ಅಕ್ಕನ ಮಗಳು. ಇಬ್ಬರ ನಡುವೆ, ಕೆಲಸದ ಮೇಜಿನ ಮೇಲೆ, ಒಂದು ರಿಮೋಟ್ ಜೀಪು.

ಮಾವ: ಚೆನ್ನಾಗಿದೆ ಕಣಮ್ಮ. ಆದರೆ ಇಷ್ಟು ನಿಧಾನಕ್ಕೆ ಹೋಗೋ ಆಟದ ಗಾಡೀನ ನಾನು ಕಂಡಿಲ್ಲ. ಘಾಟಿ ಜಾತ್ರೇಲಿ ಸಿಗೋ ರಿಮೋಟ್ ಕಾರೂ ಇದಕ್ಕಿಂತ ಜೋರಾಗಿ ಓಡ್ತದೆ.

ಹುಡುಗಿ: ನಿಧಾನಕ್ಕೆ ಹೋಗಲಿ ಅಂತಾನೇ ಮಾಡಿರೋದು ಮಾವ. ರಾಕ್ ಕ್ರಾಲರ್ ಅಂತಾರೆ. ನಿಜವಾದ ಗಾಡಿಯ ಹತ್ತರಲ್ಲೊಂದು ಅಳತೆ. ಮೋಟಾರ್ ಒಂದೇ, ಆದರೆ ಗೇರುಗಳಲ್ಲಿ ವೇಗ ಕಳೆದು ಬಲ ಮಾಡ್ಕೊಳ್ಳುತ್ತೆ. ನಾಲ್ಕು ಚಕ್ರಕ್ಕೂ ಎಳೆತ ಇದೆ. ಡಿಫರೆನ್ಷಿಯಲ್ ಲಾಕ್ ಆಗಿರೋದ್ರಿಂದ ಒಂದು ಚಕ್ರ ಗಾಳೀಲಿ ನಿಂತರೂ ಅದೇ ಅಚ್ಚಿನ ಇನ್ನೊಂದು ಚಕ್ರ ಬಂಡೆ ಹಿಡಿದು ಎಳೆಯುತ್ತೆ. ಅಮೆರಿಕದ ಮೋಯಬ್, ರೂಬಿಕಾನ್ ಕಡೆ ದೊಡ್ಡ ಜೀಪುಗಳಲ್ಲಿ ಬಂಡೆ ಹತ್ತೋ ಹುಚ್ಚು ಇದೆಯಲ್ಲ, ಅದರ ಮರಿ ಇದು.

ಮಾವ: ಬಂಡೆಗೇನು ಬರ ಇಲ್ಲಿ? ಮಾಕಳಿದುರ್ಗದಿಂದ ನಂದಿಯವರೆಗೂ ಬಂಡೇನೇ.

ಹುಡುಗಿ: ಮಾಕಳಿದುರ್ಗದ ಬೆಟ್ಟ ಅರಣ್ಯ ಇಲಾಖೆಗೆ ಸೇರಿದ್ದು, ಅಲ್ಲಿ ಬೇಡ. ಊರ ಹೊರಗೆ ಹಳ್ಳದ ಪಕ್ಕ ಹಾಸುಬಂಡೆ ಇದೆಯಲ್ಲ, ನನಗೆ ಅಷ್ಟು ಸಾಕು. ಬೇಸಿಗೆ ಪೂರ್ತಿ ಅಲ್ಲೇ ಓಡಿಸ್ದೆ. ಈಗ ಹಿಂಗಾರು ಬರೋ ಹೊತ್ತು. ಹಳ್ಳಕ್ಕೆ ನೀರು ಬಂದ್ಮೇಲೆ ಈ ದಡದಿಂದ ಇಳಿಸಿ, ನೀರು ದಾಟಿಸಿ, ಆಚೆ ಬಂಡೆ ಹತ್ತಿಸ್ಬೇಕು. ಅದಕ್ಕೇ ನಿಮ್ಮ ಹತ್ರ ಬಂದೆ. ಎಂ-ಸೀಲ್, ಗ್ಲೂ ಗನ್, ಸಿಲಿಕೋನ್ ಟ್ಯೂಬ್ ಎಲ್ಲಾ ತಂದಿದ್ದೀನಿ. ಒಂದು ತೊಟ್ಟು ನೀರೂ ಹೋಗದ ಹಾಗೆ ಮುಚ್ಚಿಬಿಡೋಣ.

ಮಾವ: ಸರಿ. ಬಿಚ್ಚೋದು ಹೇಗೆ?

ಹುಡುಗಿ: ಬಿಚ್ಚೋದ್ಯಾಕೆ ಮಾವ?

ಮಾವ: ಅದಕ್ಕೆ ಬರ್ತೀನಿ. ಮೊದಲು ಒಳಗೆ ಏನೇನಿದೆ, ಒಂದೊಂದಾಗಿ ಹೇಳು. ನೀರು ಅಂದ್ರೆ ಎಲ್ಲಕ್ಕೂ ಒಂದೇ ಶತ್ರು ಅಲ್ಲ. ಯಾವುದಕ್ಕೆ ಎಷ್ಟು ಅಂತ ಗೊತ್ತಾಗದೆ ಕೈ ಹಾಕಬಾರದು.

ಹುಡುಗಿ: ಮೇಲೆ ಬ್ಯಾಟರಿ. ಅದರ ಪಕ್ಕ ಸ್ಪೀಡ್ ಕಂಟ್ರೋಲರ್, ನಾವು ಇಎಸ್‌ಸಿ ಅಂತೀವಿ. ಮೋಟಾರಿಗೆ ಎಷ್ಟು ಕರೆಂಟ್ ಬಿಡ್ಬೇಕು ಅಂತ ಅದು ನೋಡ್ಕೊಳ್ಳುತ್ತೆ. ಈ ಸಣ್ಣದು ರಿಸೀವರ್, ನನ್ನ ಕೈಲಿರೋ ರಿಮೋಟಿನ ಮಾತು ಕೇಳೋದು. ಇದು ಸರ್ವೊ, ಮುಂದಿನ ಚಕ್ರ ತಿರುಗಿಸೋದು. ಆಮೇಲೆ ಮೋಟಾರ್, ಗೇರ್‌ಬಾಕ್ಸ್, ಹಿಂದೆ ಮುಂದೆ ಅಚ್ಚು, ಅವುಗಳ ಒಳಗೆ ಗೇರು, ಚಕ್ರಕ್ಕೆ ಬೇರಿಂಗು. ಶಾಕ್ಸ್ ಒಳಗೆ ಸಿಲಿಕೋನ್ ಎಣ್ಣೆ. ಟೈರೊಳಗೆ ಫೋಮ್.

ಮಾವ: ಇವನ್ನೆಲ್ಲ ಮೂರು ಗುಡ್ಡೆ ಮಾಡು. ನೀರು ಮುಟ್ಟಲೇಬಾರದು ಅನ್ನೋದು ಒಂದು. ಲೇಪ ಇದ್ರೆ ನೀರು ಮುಟ್ಟಿದರೂ ತಡ್ಕೊಳ್ತದೆ ಅನ್ನೋದು ಒಂದು. ಏನು ಮಾಡಿದರೂ ನೀರು ಹೋಗೇ ಹೋಗ್ತದೆ, ಆಮೇಲೆ ನೋಡ್ಕೋಬೇಕು ಅನ್ನೋದು ಮೂರನೇದು.

ಹುಡುಗಿ: ಮೊದಲನೇ ಗುಡ್ಡೆಗೆ ಬ್ಯಾಟರಿ, ರಿಸೀವರ್. ಎರಡನೇದಕ್ಕೆ ಇಎಸ್‌ಸಿ, ಸರ್ವೊ. ಮೂರನೇದಕ್ಕೆ ಗೇರು, ಬೇರಿಂಗು, ಶಾಕ್ಸ್, ಟೈರು. ಮೋಟಾರ್ ಮೊದಲನೇದಕ್ಕೇ ಬರಬೇಕಲ್ವಾ?

ಮಾವ: ಯಾಕೆ?

ಹುಡುಗಿ: ಮೋಟಾರ್ ಮಾವ! ಕರೆಂಟು, ಕಾಯಿಲ್ಲು. ಅದಕ್ಕೆ ನೀರು ಹೋದ್ರೆ ಮುಗೀತಲ್ಲ.

ಮಾವ: ಹಾಗಾದರೆ ನನ್ನ ಅಂಗಡಿ ಬಾಗಿಲಲ್ಲಿ ಬಿದ್ದಿರೋ ಈ ಉದ್ದನೆ ಮೋಟಾರುಗಳು ಎಲ್ಲಿಂದ ಬಂದವು? ನಮ್ಮ ತಾಲ್ಲೂಕಲ್ಲಿ ಈಗ ಸಾವಿರ ಅಡಿ ದಾಟಿ ಕೊರೀತಾರೆ. ಅಷ್ಟು ಆಳದಲ್ಲಿ, ನೀರೊಳಗೆ, 415 ವೋಲ್ಟಿನ ಮೂರು ಫೇಸ್ ಕರೆಂಟಲ್ಲಿ ವರ್ಷಗಟ್ಟಲೆ ತಿರುಗ್ತವೆ ಇವು. ಒಳಗೆ ನೀರು ಹೋಗದ ಹಾಗೆ ಮುಚ್ಚಿರ್ತಾರೆ ಅಂತ ತಿಳ್ಕೊಂಡಿದೀಯಾ?

ಹುಡುಗಿ: ಇಲ್ವಾ?

ಮಾವ: ಇಳಿಸೋ ಮೊದಲು ನಾವೇ ಒಳ್ಳೆ ನೀರು ತುಂಬಿ ಕಳಿಸ್ತೀವಿ. ತುಂಬದೆ ಇಳಿಸಿದರೆ ಬುಷ್ಷು ಸುಟ್ಟು ಹೋಗ್ತವೆ. ಒಳಗಿನ ಬುಷ್ಷಿಗೂ ಕೆಳಗಿನ ಥ್ರಸ್ಟ್ ಬೇರಿಂಗಿಗೂ ನೀರೇ ಎಣ್ಣೆ. ಕಾಯಿಲ್ ಬಿಸಿಯನ್ನ ಹೊರಕ್ಕೆ ಸಾಗಿಸೋದೂ ಅದೇ ನೀರು. ತಂತಿಗೆ ಮಾತ್ರ ಮೈತುಂಬ ಪ್ಲಾಸ್ಟಿಕ್ ಹೊದಿಕೆ, ಜಾಯಿಂಟ್ ಹಾಕಿದ ಜಾಗಕ್ಕೆ ಟೇಪು. ಇನ್ನು ಎಣ್ಣೆ ತುಂಬಿದ ಮೋಟಾರುಗಳೂ ಉಂಟು, ಆದರೆ ಈ ಕಡೆ ಹೆಚ್ಚು ಬರೋದು ನೀರು ತುಂಬೋವೇ. ನೀರನ್ನ ಹೊರಗಿಟ್ಟು ಬದುಕೋ ಮೋಟಾರಲ್ಲ ಇದು, ನೀರಿನ ಜೊತೆ ಬದುಕೋದು.

ಹುಡುಗಿ: ಹಾಗಾದ್ರೆ ಬುಡದಲ್ಲಿ ಈ ರಬ್ಬರ್ ಬಟ್ಟಲು ಯಾಕೆ?

ಮಾವ: ಅದು ಡಯಾಫ್ರಮ್. ಮೋಟಾರ್ ಓಡಿದಾಗ ಒಳಗಿನ ನೀರು ಬಿಸಿಯಾಗಿ ಹಿಗ್ತದೆ, ನಿಂತಾಗ ಕುಗ್ತದೆ. ಆ ಹಿಗ್ಗು ಕುಗ್ಗಿಗೆ ರಬ್ಬರು ಬಾಗಿ ಜಾಗ ಕೊಡ್ತದೆ. ಅದಿಲ್ಲದಿದ್ದರೆ ಕುಗ್ಗಿದಾಗೆಲ್ಲ ಸೀಲಿನ ಸಂದಿಯಿಂದ ಹೊರಗಿನ ಮರಳು ನೀರನ್ನ ಒಳಕ್ಕೆ ಎಳ್ಕೊಳ್ಳೋದು. ನಿನ್ನ ಗಾಡಿಗೂ ಇದೇ ಅಪಾಯ ಇದೆ, ನೀನು ನೋಡಿಲ್ಲ ಅಷ್ಟೇ.

ಹುಡುಗಿ: ಗೇರ್‌ಬಾಕ್ಸಲ್ಲಾ?

ಮಾವ: ಮುಚ್ಚಿದ ಯಾವ ಡಬ್ಬದಲ್ಲಾದರೂ. ಬಿಸಿಲು ಬಂಡೆ ಮೇಲೆ ಹತ್ತಿಸಿ ಹತ್ತಿಸಿ ಗಾಡಿ ಕಾದಿರ್ತದೆ. ಒಳಗಿನ ಗಾಳಿ 60 ಡಿಗ್ರಿ ಇದೆ ಅಂದ್ಕೋ. ಹಾಗೇ 25 ಡಿಗ್ರಿ ನೀರಿಗೆ ಇಳಿಸ್ತೀಯ. ಒಳಗಿನ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಇಳೀತದೆ. ಆ ಎಳೆತಕ್ಕೆ ಸೀಲಿನ ತುಟಿ ದಾಟಿ ನೀರು ಒಳಗೆ ಬರ್ತದೆ. ದೊಡ್ಡ ಜೀಪಿನವರು ಇದಕ್ಕೇ ಅಚ್ಚಿನ ಗೇರ್ ಡಬ್ಬಕ್ಕೆ ಒಂದು ಸಣ್ಣ ಪೈಪು ಹಾಕಿ ಬಾನೆಟ್ ಎತ್ತರಕ್ಕೆ ಕಟ್ಟಿರ್ತಾರೆ, ಬ್ರೀದರ್ ಅಂತ. ಉಸಿರು ಮೇಲಿಂದ ಎಳ್ಕೊಳ್ಳಲಿ, ನೀರಿಂದ ಬೇಡ ಅಂತ.

ಹುಡುಗಿ: ಇಷ್ಟು ಸಣ್ಣದಕ್ಕೆ ಪೈಪು ಹಾಕೋದು ಕಷ್ಟ.

ಮಾವ: ಹಾಕಬೇಡ. ನೀರಿಗೆ ಇಳಿಸೋ ಮೊದಲು ನೆರಳಲ್ಲಿ ನಿಲ್ಲಿಸಿ, ಮುಟ್ಟಿ ನೋಡಿ, ತಣ್ಣಗಾದ ಮೇಲೆ ಇಳಿಸು. ಖರ್ಚಿಲ್ಲದ ವಾಟರ್‌ಪ್ರೂಫಿಂಗ್ ಇದು.

ಹುಡುಗಿ: ಸರಿ. ರಿಸೀವರ್ ಇಂದ ಶುರು ಮಾಡೋಣ. 2017ರಲ್ಲಿ ಬಂದ ಟ್ರ್ಯಾಕ್ಸಸ್ ಟಿಆರ್‌ಎಕ್ಸ್-4ನಂಥ ಗಾಡೀಲಿ ರಿಸೀವರ್‌ಗೆ ಮುಚ್ಚಳದ ಡಬ್ಬಿ ಕಂಪನಿಯಿಂದಲೇ ಬರುತ್ತೆ. ನನ್ನದಕ್ಕೆ ಬರ್ಲಿಲ್ಲ. ಕೆಲವರು ಬಲೂನಿನೊಳಗೆ ರಿಸೀವರ್ ಹಾಕಿ ಬಾಯಿಗೆ ಜಿಪ್ ಟೈ ಬಿಗೀತಾರೆ.

ಮಾವ: ತಂತಿಗಳು ಹೊರಗೆ ಬರೋ ಜಾಗದಲ್ಲಿ ಬಲೂನು ಮುಚ್ಚಿಕೊಳ್ತದಾ? ನಾಲ್ಕು ತಂತಿ ಒಟ್ಟಿಗೆ ಹಿಡಿದರೆ ನಡುವೆ ಸಂದಿ ಇದ್ದೇ ಇರ್ತದೆ. ಅಲ್ಲಿಂದ ಒಳಗೆ ಹೋದ ತೇವ ಆಚೆ ಬರೋಕೆ ದಾರಿ ಇಲ್ಲ. ಅವಸರಕ್ಕೆ ಸರಿ. ಬಿಸಿಯಾಗೋ ಇಎಸ್‌ಸಿಗೆ ಮಾತ್ರ ಅದನ್ನ ತೊಡಿಸಬೇಡ, ಬೆಂದುಹೋಗ್ತದೆ. ಒಂದು ಸಣ್ಣ ಗಟ್ಟಿ ಡಬ್ಬಿ ನೋಡು, ಮುಚ್ಚಳಕ್ಕೆ ಸುತ್ತ ಓ-ರಿಂಗ್ ಇರಬೇಕು, ನಾಲ್ಕು ಮೂಲೆಗೂ ಸ್ಕ್ರೂ ಇರಬೇಕು. ತಂತಿ ಬರೋ ಜಾಗದಲ್ಲಿ ಒಂದು ಸಣ್ಣ ಕಾಲುವೆ ಕೊರೆದು, ತಂತಿಗಳನ್ನ ಒಂದರ ಮೇಲೊಂದು ಬೀಳದ ಹಾಗೆ ಪಕ್ಕಪಕ್ಕ ಮಲಗಿಸಿ, ಮೇಲೆ ಕೆಳಗೆ ಸಿಲಿಕೋನ್ ಗ್ರೀಸ್ ತುಂಬು.

ಹುಡುಗಿ: ಟ್ರ್ಯಾಕ್ಟರ್ ಗ್ರೀಸ್ ಆಗಲ್ವಾ? ನಿಮ್ಮ ಹತ್ರ ಡಬ್ಬ ತುಂಬ ಇದೆ.

ಮಾವ: ಅದು ಪೆಟ್ರೋಲಿಯಂ ಎಣ್ಣೆಯದು. ಎಲ್ಲಾ ರಬ್ಬರಿಗೂ ಒಗ್ಗಲ್ಲ. ನೈಟ್ರೈಲ್ ರಬ್ಬರು ತಡ್ಕೊಳ್ತದೆ, ನ್ಯಾಚುರಲ್ ರಬ್ಬರು ಊದಿ ಮೆತ್ತಗಾಗ್ತದೆ. ಯಾವ ರಬ್ಬರು ಅಂತ ಗೊತ್ತಿಲ್ಲದ ಕಡೆ ಸಿಲಿಕೋನ್ ಗ್ರೀಸೇ ಕ್ಷೇಮ. ರಬ್ಬರೇ ಸಿಲಿಕೋನ್ ಆಗಿದ್ದರೆ ಮಾತ್ರ ಅದೂ ಬೇಡ, ಅದರ ಎಣ್ಣೇನ ಆ ರಬ್ಬರು ಹೀರಿಕೊಳ್ತದೆ. ಡಬ್ಬಿ ಮಾಡಿಯಾದ ಮೇಲೆ ಒಳಗೆ ರಿಸೀವರ್ ಇಡಬೇಡ.

ಹುಡುಗಿ: ಮತ್ತೆ?

ಮಾವ: ಟಿಶ್ಯೂ ಪೇಪರ್ ಮಡಚಿ ಇಡು. ತಂತಿ ತುಂಡುಗಳನ್ನ ಆ ಕಾಲುವೆಯಲ್ಲಿ ಹಾಗೇ ಕೂರಿಸಿ, ಸ್ಕ್ರೂ ಬಿಗಿದು, ಬಕೆಟ್ಟಿನ ತಳಕ್ಕೆ ಕಲ್ಲು ಕಟ್ಟಿ ಮುಳುಗಿಸು. ಅರ್ಧ ಗಂಟೆ ಬಿಟ್ಟು ತೆಗೆದು ನೋಡು. ಪೇಪರ್ ಒಣಗಿದ್ದರೆ ರಿಸೀವರ್ ಇಡು. ಎಲ್ಲಿ ಒದ್ದೆಯಾಗಿದೆಯೋ ಸೋರೋ ಮೂಲೆ ಅದೇ. ನಾವು ವೈಂಡಿಂಗ್ ಮುಗಿಸಿದ ಸ್ಟೇಟರ್ ಅನ್ನ ನೀರಲ್ಲಿ ಮುಳುಗಿಸಿಟ್ಟು ಮೆಗ್ಗರ್ ಹಾಕಿ ಕರೆಂಟ್ ಸೋರ್ತದಾ ಅಂತ ನೋಡದೆ ಗಿರಾಕಿಗೆ ಕೊಡಲ್ಲ. ಇಪ್ಪತ್ತು ಅಡಿಯ ಪೈಪು ಐವತ್ತು ಜೋಡಿಸಿ ಇಳಿಸಿದ ಮೇಲೆ ತಪ್ಪು ಗೊತ್ತಾದರೆ, ಐವತ್ತೂ ಬಿಚ್ಚಿ ಎತ್ತಬೇಕು.

ಹುಡುಗಿ: ಆಂಟೆನಾ ತಂತಿ ಡಬ್ಬಿಯಿಂದ ಹೊರಗೆ ಬರಲೇಬೇಕು. ಅದರ ತುದೀನ ಗಾಡಿಯ ಮೇಲ್ಭಾಗಕ್ಕೆ ಕಟ್ಟಬೇಕು ಮಾವ. 2.4 ಗಿಗಾಹರ್ಟ್ಸ್ ಅಲೆ ನೀರಲ್ಲಿ ಕೆಲವು ಸೆಂಟಿಮೀಟರ್ ಹೋಗೋ ಅಷ್ಟರಲ್ಲೇ ಸೋತುಬಿಡುತ್ತೆ. ಆಂಟೆನಾ ಮುಳುಗಿದರೆ ಗಾಡಿಗೆ ನನ್ನ ಮಾತು ಕೇಳಿಸಲ್ಲ.

ಮಾವ: ಕೇಳಿಸದಿದ್ದರೆ ಏನು ಮಾಡ್ತದೆ?

ಹುಡುಗಿ: ಫೇಲ್‌ಸೇಫ್ ಅಂತ ಇರುತ್ತೆ. ಸಿಗ್ನಲ್ ಹೋದ ತಕ್ಷಣ ಮೋಟಾರ್ ನಿಲ್ಲಲಿ ಅಂತ ಮೊದಲೇ ಹೇಳಿಟ್ಟಿರಬೇಕು. ಹೇಳದೆ ಬಿಟ್ಟರೆ ಕೆಲವು ರಿಸೀವರ್ ಕೊನೇ ಆಜ್ಞೇನೇ ಹಿಡ್ಕೊಂಡು ಗಾಡೀನ ಆಳಕ್ಕೆ ಕರ್ಕೊಂಡು ಹೋಗುತ್ತೆ.

ಮಾವ: ಅದನ್ನ ಮನೇಲೇ, ಚಕ್ರ ಮೇಲೆತ್ತಿಟ್ಟು, ರಿಮೋಟ್ ಆಫ್ ಮಾಡಿ ನೋಡ್ಕೊಂಡು ಬಾ. ಈಗ ಎರಡನೇ ಗುಡ್ಡೆ.

ಹುಡುಗಿ: ಇಎಸ್‌ಸಿ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದೆ. ಸರ್ವೊ ಮೇಲೆ ಐಪಿ67 ಅಂತ ಇದೆ. ಆರು ಅಂದ್ರೆ ಧೂಳು ಹೋಗಲ್ಲ, ಏಳು ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇಟ್ಟರೂ ಹಾನಿ ಇಲ್ಲ. ಅಂದ್ಮೇಲೆ ಇವುಗಳ ಚಿಂತೆ ಬಿಡಬಹುದಲ್ವಾ?

ಮಾವ: ಆ ಪರೀಕ್ಷೆ ಮಾಡೋದು ಹೊಸ ಸಾಮಾನಿಗೆ, ನಿಂತ ತಿಳಿ ನೀರಲ್ಲಿ. ನಿನ್ನ ಸರ್ವೊ ಕೆಸರಲ್ಲಿ ಎಡಕ್ಕೂ ಬಲಕ್ಕೂ ತಿರುಗ್ತಾ ಇರ್ತದೆ. ತಿರುಗೋ ಕಡ್ಡಿ ಹೊರಗೆ ಬರೋ ಜಾಗದ ಓ-ರಿಂಗ್ ಸವೀತಾ ಹೋಗ್ತದೆ. ಇವತ್ತಿನ ಏಳು ಮುಂದಿನ ವರ್ಷಕ್ಕೆ ಏಳಾಗೇ ಇರಲ್ಲ.

ಹುಡುಗಿ: ಹಳೇ ಸರ್ವೊ ಒಂದಿದೆ, ಅದಕ್ಕೆ ಐಪಿ ಗೀಪಿ ಏನೂ ಇಲ್ಲ. ಅದನ್ನ ಬಿಚ್ಚಿ, ಒಳಗಿನ ಬೋರ್ಡಿಗೆ ಕನ್‌ಫಾರ್ಮಲ್ ಕೋಟಿಂಗ್ ಹಚ್ಚೋಣ ಅಂತಿದ್ದೀನಿ. ಅಕ್ರಿಲಿಕ್ ಆದ್ರೆ ತೆಳ್ಳಗೆ ಕೂರುತ್ತೆ, ಮುಂದೆ ಸೋಲ್ಡರ್ ಮಾಡ್ಬೇಕಾದ್ರೆ ಅದರ ಮೇಲೇ ಕಾಸಿದರೂ ಬಿಡುತ್ತೆ. ಸಿಲಿಕೋನ್ ಕೋಟಿಂಗ್ ನೀರನ್ನ ಇನ್ನೂ ಚೆನ್ನಾಗಿ ತಡೆಯುತ್ತೆ, ಆದರೆ ಕೀಳೋದು ಕಷ್ಟ. ತುರ್ತಿಗೆ ನೇಲ್ ಪಾಲಿಷ್ ಹಚ್ಚೋರೂ ಇದ್ದಾರೆ.

ಮಾವ: ಅಕ್ರಿಲಿಕ್ಕೇ ಇರಲಿ. ಹಚ್ಚೋ ಮೊದಲು ಬೋರ್ಡನ್ನ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಬ್ರಷ್ ಹಾಕಿ ತೊಳೆದು ಒಣಗಿಸು. ಬೆವರ ಕೈ ಮುಟ್ಟಿದ ಉಪ್ಪು ಲೇಪದ ಕೆಳಗೆ ಉಳಿದರೆ, ತೇವ ಸಿಕ್ಕಾಗ ಅಲ್ಲೇ ಹಸಿರು ಕಿಲುಬು ಏಳ್ತದೆ. ಪ್ಲಗ್ಗಿನ ಪಿನ್ನು, ಒತ್ತೋ ಗುಂಡಿ, ಇವಕ್ಕೆ ಹತ್ತಬಾರದು, ಟೇಪು ಅಂಟಿಸಿ ಮರೆಮಾಡು. ತೆಳ್ಳಗೆ ಎರಡು ಸಲ, ದಪ್ಪಗೆ ಒಂದು ಸಲ ಅಲ್ಲ. ಸರ್ವೊ ಒಳಗಿನ ಪೊಟೆನ್ಷಿಯೋಮೀಟರ್ ಒಳಕ್ಕೆ ಮಾತ್ರ ಲೇಪ ಇಳೀಬಾರದು, ಉಜ್ಜಿಕೊಂಡು ಓಡಾಡೋ ಪಟ್ಟಿ ಅದು.

ಹುಡುಗಿ: ಚಕ್ರ ನಡುಗೋಕೆ ಶುರುವಾದ್ರೆ ಅದಕ್ಕೇ ನೀರು ಹೋಗಿದೆ ಅಂತ ಅರ್ಥ. ಇಷ್ಟೆಲ್ಲ ಯಾಕೆ, ಈ ಸಿಲಿಕೋನ್ ಟ್ಯೂಬ್ ಹಿಂಡಿ ಒಳಗೆಲ್ಲ ತುಂಬಿಬಿಟ್ರೆ?

ಮಾವ: ಮುಚ್ಚಳ ತೆಗೆದು ಮೂಸಿ ನೋಡು.

ಹುಡುಗಿ: ವಿನೆಗರ್ ವಾಸನೆ.

ಮಾವ: ಹ್ಞಾಂ. ಬಚ್ಚಲ ಟೈಲ್ಸಿಗೆ ಹಾಕೋ ಮಾಲು. ಗಟ್ಟಿಯಾಗ್ತಾ ಆಗ್ತಾ ಅಸಿಟಿಕ್ ಆಮ್ಲ ಬಿಡ್ತದೆ, ಮುಚ್ಚಿದ ಡಬ್ಬಿಯೊಳಗೆ ಅದು ತಾಮ್ರವನ್ನ ತಿಂತದೆ. ನೀರು ತಡೆಯೋಕೆ ಹೋಗಿ ಆಮ್ಲ ತುಂಬಿದ ಹಾಗಾಯ್ತು. ಎಲೆಕ್ಟ್ರಾನಿಕ್ಸ್ ಪಕ್ಕಕ್ಕೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದೇ ಬೇಕು. ಸರ್ವೊ ಡಬ್ಬದ ಮೂರು ಭಾಗ ಸೇರೋ ಅಂಚಿಗೆ, ಕಡ್ಡಿಯ ಓ-ರಿಂಗಿಗೆ ಗ್ರೀಸ್ ಸಾಕು. ಗ್ರೀಸ್ ಹಾಕಿದ್ದನ್ನ ಮತ್ತೆ ಬಿಚ್ಚಬಹುದು.

ಹುಡುಗಿ: ನೀರೊಳಗಿನ ರೋಬೊಗಳಿಗೆ ಸರ್ವೊ ಒಳಗೆ ಪೂರ್ತಿ ಮಿನರಲ್ ಎಣ್ಣೆ ತುಂಬಿಸಿ ಇಳಿಸೋರೂ ಇದ್ದಾರೆ. ನಿಮ್ಮ ಎಣ್ಣೆ ತುಂಬಿದ ಮೋಟಾರಿನ ಲೆಕ್ಕವೇ.

ಮಾವ: ಜಾಗ ಖಾಲಿ ಇಲ್ಲದಿದ್ದರೆ ನೀರಿಗೆ ಎಲ್ಲಿ ಜಾಗ? ಸರಿಯಾಗೇ ಇದೆ. ಹಳ್ಳ ದಾಟೋ ಗಾಡಿಗೆ ಅಷ್ಟು ಬೇಡ. ಈಗ ನಿನ್ನ ಮೋಟಾರ್ ಯಾವ ಥರದ್ದು?

ಹುಡುಗಿ: ಬ್ರಷ್ ಇರೋದು.

ಮಾವ: ಅಂದರೆ ಕಾರ್ಬನ್ನು, ಕಮ್ಯುಟೇಟರ್ರು. ಏಳೆಂಟು ವೋಲ್ಟಿನ ಬ್ಯಾಟರೀಲಿ ಹಳ್ಳದ ನೀರು ಮೋಟಾರನ್ನ ತಕ್ಷಣ ಸುಡಲ್ಲ, ತಿರುಗ್ತದೆ. ಆದರೆ ಕಾರ್ಬನ್ ಬೇಗ ಸವೀತದೆ, ಕೆಸರಿದ್ದರೆ ಇನ್ನೂ ಬೇಗ. ಅದನ್ನ ಮೂರನೇ ಗುಡ್ಡೆಗೆ ಹಾಕು. ಹೊರಗೆ ಬಂದ ಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ತೊಳೆದು, ಒಣಗಿಸಿ, ಎರಡು ಕೊನೆಯ ಬುಷ್ಷಿಗೆ ಒಂದೊಂದೇ ತೊಟ್ಟು ಎಣ್ಣೆ. ಹೆಚ್ಚಾಗಿ ಕಮ್ಯುಟೇಟರ್ ಮೇಲೆ ಹರಿದರೆ ಕಾರ್ಬನ್ ಪುಡಿ ಸೇರಿ ಕರೀ ಹಿಟ್ಟಾಗಿ ಸಂದಿಗೆ ಕಟ್ಕೊಳ್ತದೆ.

ಹುಡುಗಿ: ಬ್ರಷ್‌ಲೆಸ್ ಹಾಕಿಸ್ಕೊಂಡ್ರೆ?

ಮಾವ: ಸವೆಯೋ ಕಾರ್ಬನ್ನೇ ಇಲ್ಲ, ತಂತಿಗೆ ಎನಾಮಲ್ ಇದೆ. ನೀರಿಗೆ ವಾಸಿ. ಬೇರಿಂಗ್ ಮಾತ್ರ ತುಕ್ಕು ಹಿಡೀತದೆ.

ಹುಡುಗಿ: ಸೆನ್ಸರ್ ಇರೋ ಬ್ರಷ್‌ಲೆಸ್ ಆದ್ರೆ ಒಳಗೆ ಒಂದು ಸಣ್ಣ ಬೋರ್ಡ್ ಕೂತಿರುತ್ತೆ, ಅದಕ್ಕೆ ನೀರು ಆಗಲ್ಲ. ಕ್ರಾಲರಿನವರಿಗೆ ನಿಧಾನದಲ್ಲಿ ನಯವಾಗಿ ಹೋಗೋಕೆ ಅದೇ ಇಷ್ಟ. ಅಲ್ಲಿ ಆಯ್ಕೆ ಮಾಡ್ಕೋಬೇಕು.

ಮಾವ: ಬ್ಯಾಟರಿ?

ಹುಡುಗಿ: ಲಿಪೊ. ಎರಡು ಸೆಲ್, 7.4 ವೋಲ್ಟ್. ಪ್ಲಗ್ಗಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ತೀನಿ. ಆದ್ರೆ ಇದು ಮುಳುಗೋ ಅಷ್ಟು ಆಳಕ್ಕೆ ಹೋಗಲ್ಲ.

ಮಾವ: ಹಾಗಾದರೆ ಆಳದ ಅಳತೆ ಬ್ಯಾಟರಿ ಹೇಳ್ತದೆ. ಅದರ ತಳ ಎಲ್ಲಿದೆಯೋ ಅದರ ಕೆಳಕ್ಕೇ ನೀರು ನಿಲ್ಲಬೇಕು. ದಾಟೋ ಮೊದಲು ಒಂದು ಕಡ್ಡಿ ಇಳಿಸಿ ನೋಡು. ಈಗ ಗೇರಿಗೆ ಬಾ. ಒಳಗೆ ಎಂಥ ಗ್ರೀಸ್ ಇದೆ?

ಹುಡುಗಿ: ಕಂಪನಿಯವರು ಹಾಕಿದ್ದು. ತೆಗೆದು ನೋಡಿದ್ರೆ ಹಲ್ಲಿಗೆ ಸವರಿದ್ದಾರೆ ಅಷ್ಟೇ.

ಮಾವ: ಗ್ರೀಸ್ ಅಂದರೆ ಎಣ್ಣೆಯನ್ನ ಸೋಪಿನಲ್ಲಿ ಹಿಡಿದಿಟ್ಟಿರೋದು. ಯಾವ ಸೋಪು ಅನ್ನೋದರ ಮೇಲೆ ನೀರಿನ ಜೊತೆಗಿನ ಬಾಳು ನಿಂತಿದೆ. ಸೋಡಿಯಂ ಸೋಪಿನದು ನೀರಲ್ಲಿ ಕರಗಿಹೋಗ್ತದೆ. ಲೀಥಿಯಂ ಸುಮಾರಾಗಿ ತಡೀತದೆ, ಅಂಗಡೀಲಿ ಎಲ್ಲೆಡೆ ಸಿಗೋದು ಅದೇ. ಕ್ಯಾಲ್ಸಿಯಂ ಸೋಪಿನದು ನೀರಿಗೆ ಜಗ್ಗಲ್ಲ. ದೋಣಿ ಟ್ರೈಲರ್ ಬೇರಿಂಗಿಗೆ ಮೆರೀನ್ ಗ್ರೀಸ್ ಅಂತ ಮಾರ್ತಾರಲ್ಲ, ಅದೂ ನೀರಿಗೆ ತೊಳೆದುಹೋಗದ ಹಾಗೆ ಮಾಡಿದ ಮಾಲೇ. ಅಚ್ಚಿನ ಗೇರಿಗೆ ಅದು ಹಾಕು.

ಹುಡುಗಿ: ತುಂಬ ತುಂಬಿಸ್ಲಾ? ಗ್ರೀಸ್ ತುಂಬಿದ್ರೆ ನೀರಿಗೆ ಜಾಗ ಇರಲ್ಲ, ನೀವೇ ಹೇಳಿದ್ರಿ.

ಮಾವ: ಬುದ್ಧಿವಂತೆ. ಆದರೆ ಗೇರು ಆ ಗ್ರೀಸನ್ನ ಉಳ್ತಾ ಕೂರಬೇಕಲ್ಲ? ಇಷ್ಟು ಸಣ್ಣ ಮೋಟಾರಿಗೆ ಅದೇ ಹೊರೆ. ಕಾಯ್ತದೆ, ಬ್ಯಾಟರಿ ತಿಂತದೆ. ಹಲ್ಲು ಹಲ್ಲಿಗೂ ಮೆತ್ತಿ, ಡಬ್ಬದ ಎರಡು ಹೋಳು ಸೇರೋ ಅಂಚಿಗೆ ಒಂದು ಗೆರೆ ಎಳೆದು, ಕಡ್ಡಿ ಹೊರಗೆ ಬರೋ ತೂತಿನ ಸುತ್ತ ಸ್ವಲ್ಪ ಹೆಚ್ಚಿಗೆ ಇಡು. ನೀರು ಬರೋ ದಾರೀಲಿ ಗ್ರೀಸ್ ಕಾವಲು ನಿಲ್ಲಲಿ. ಅಷ್ಟು ಸಾಕು.

ಹುಡುಗಿ: ಹೊರಗೆ ಕಾಣೋ ಯೂನಿವರ್ಸಲ್ ಜಾಯಿಂಟ್, ಸ್ಟೀರಿಂಗ್ ಲಿಂಕಿನ ಗುಂಡುಗಳಿಗೂ ಹಾಕ್ತೀನಿ.

ಮಾವ: ಬೇಡ! ಅಲ್ಲಿ ಎಣ್ಣೇನೂ ಬೇಡ, ಗ್ರೀಸೂ ಬೇಡ. ನಮ್ಮ ಕಡೆಯ ಬಂಡೆ ಗ್ರಾನೈಟು. ಅದರ ಪುಡೀಲಿ ಬೆಣಚುಕಲ್ಲಿನ ಕಣ ಇರ್ತದೆ.

ಹುಡುಗಿ: ಮೋಸ್ ಅಳತೆಯಲ್ಲಿ ಅದರ ಗಡಸು 7. ಮಾಮೂಲಿ ಉಕ್ಕು ಅದಕ್ಕಿಂತ ಕೆಳಗೆ.

ಮಾವ: ನೋಡು ಮತ್ತೆ. ಹೊರಗಿನ ಜಾಯಿಂಟಿಗೆ ಗ್ರೀಸ್ ಹಚ್ಚಿದರೆ ಆ ಕಣ ಬಂದು ಅಂಟ್ಕೊಳ್ತದೆ, ತಿರುಗಿದಷ್ಟೂ ಉಜ್ಜುತದೆ. ವಾಲ್ವ್ ಗ್ರೈಂಡ್ ಮಾಡೋಕೆ ಬೇಕಂತಲೇ ಹಚ್ಚೋ ಪೇಸ್ಟಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ಹೊರಗಿನದು ಒಣಗಿರಲಿ, ಬ್ರಷ್ಷಲ್ಲಿ ಉದುರಿಸು. ಕಿರುಗುಟ್ಟಿದರೆ ಗ್ರಾಫೈಟ್ ಪುಡಿನೋ, ಟೆಫ್ಲಾನ್ ಇರೋ ಒಣ ಸ್ಪ್ರೇನೋ ಹಾಕು. ಡಬ್ಬದ ಒಳಗೆ ಗ್ರೀಸು, ಡಬ್ಬದ ಹೊರಗೆ ಒಣ. ಇಷ್ಟು ನೆನಪಿಟ್ಟರೆ ಗಾಡಿ ಅರ್ಧ ಉಳೀತು.

ಹುಡುಗಿ: ಬೇರಿಂಗ್? ಇದಕ್ಕೆ ಬಂದಿರೋದು ತಗಡು ಮುಚ್ಚಳದ್ದು, ಝಡ್‌ಝಡ್.

ಮಾವ: ತಗಡಿಗೂ ಒಳ ರಿಂಗಿಗೂ ನಡುವೆ ಕೂದಲೆಳೆ ಸಂದಿ ಇರ್ತದೆ. ಧೂಳಿಗೆ ಪರವಾಗಿಲ್ಲ, ನೀರಿಗೆ ಬಾಗಿಲು ತೆರೆದ ಹಾಗೆ. ಎರಡು ಕಡೆ ರಬ್ಬರ್ ತುಟಿ ಇರೋ 2ಆರ್‌ಎಸ್ ತರಿಸು. ಸ್ವಲ್ಪ ಬಿಗಿಯಾಗಿ ತಿರುಗ್ತವೆ, ನಿನ್ನ ನಿಧಾನದ ಗಾಡಿಗೆ ಅದೇನೂ ಗೊತ್ತಾಗಲ್ಲ. ಹಾಗಂತ ಶಾಶ್ವತ ಅಲ್ಲ. ಬೆರಳಲ್ಲಿ ತಿರುಗಿಸಿ ನೋಡು, ಒಳಗೆ ಮರಳು ಸಿಕ್ಕ ಹಾಗೆ ಗರಗರ ಅಂದರೆ ಬದಲಾಯಿಸು.

ಹುಡುಗಿ: ಅದಕ್ಕೆ ಡಬ್ಲ್ಯೂಡಿ-40 ಹೊಡೆದ್ರೆ ಸರಿ ಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ.

ಮಾವ: ಎಲ್ಲರ ಮನೇಲೂ ಅದಿದೆ, ಎಲ್ಲ ರೋಗಕ್ಕೂ ಅದೇ ಮದ್ದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಅದನ್ನ ಮಾಡಿದ್ದು ನೀರನ್ನ ಓಡಿಸೋಕೆ, ತುಕ್ಕು ತಡೆಯೋಕೆ. ಅಟ್ಲಾಸ್ ಕ್ಷಿಪಣಿಯ ತೆಳ್ಳನೆ ಲೋಹದ ಮೈಗೆ ಹಚ್ತಿದ್ದರಂತೆ. ಆ ಕೆಲಸಕ್ಕೆ ಅದು ಬಲು ಚೆನ್ನ. ಒದ್ದೆ ಬೇರಿಂಗಿಗೆ ಹೊಡಿ, ನೀರು ಆಚೆ ಬರ್ತದೆ. ಆದರೆ ಅದರ ಹೆಚ್ಚು ಪಾಲು ಹಾರಿಹೋಗೋ ದ್ರಾವಕ, ಜೊತೆಗೆ ಹಳೇ ಗ್ರೀಸನ್ನೂ ತೊಳೆದು ಹೋಗ್ತದೆ. ಅದನ್ನ ಹೊಡೆದು ಅಲ್ಲಿಗೇ ಬಿಟ್ಟರೆ ಬೇರಿಂಗು ಎಣ್ಣೆ ಇಲ್ಲದೆ ತಿರುಗ್ತದೆ. ನೀರು ಓಡಿಸಿ, ಒರೆಸಿ, ಆಮೇಲೆ ಒಂದು ತೊಟ್ಟು ಒಳ್ಳೆ ಎಣ್ಣೆ. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಸಾಮಾನಿನ ಅಂಗಡೀಲಿ ಕೇಳು, ತೆಳ್ಳನೆ ಎಣ್ಣೆ ಕೊಡ್ತಾರೆ. ಹೊಲಿಗೆ ಮೆಷಿನ್ ಎಣ್ಣೇನೂ ಆಗ್ತದೆ.

ಹುಡುಗಿ: ಟೈರೊಳಗಿನ ಫೋಮ್ ನೀರು ಕುಡಿದ್ರೆ ಚಕ್ರ ಭಾರವಾಗುತ್ತೆ. ಕುಡಿಯದ ಥರದ ಫೋಮ್ ಸಿಗುತ್ತೆ, ಅದನ್ನ ಹಾಕಿಸ್ತೀನಿ. ಶಾಕ್ಸ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ ಬದಲಾಯಿಸೋದು.

ಮಾವ: ಗೇರಿನ ಗ್ರೀಸಿಗೂ ಅದೇ ಲೆಕ್ಕ. ಬೆಳ್ಳಗಾಗಿದ್ದರೆ ನೀರು ಕುಡಿದಿದೆ. ಬೂದು ಬಣ್ಣಕ್ಕೆ ಮಿಂಚುತಾ ಇದ್ದರೆ ಹಲ್ಲು ಸವೀತಿದೆ. ಇದನ್ನ ನೋಡಬೇಕು ಅಂದರೆ ಏನು ಮಾಡಬೇಕು?

ಹುಡುಗಿ: ಬಿಚ್ಚಬೇಕು.

ಮಾವ: ಮೊದಲೇ ಕೇಳಿದ್ದು ಅದನ್ನೇ ಕಣಮ್ಮ. ಸಾವಿರ ಅಡಿ ಕೆಳಗಿರೋ ಮೋಟಾರನ್ನ ದಿನಾ ಬಿಚ್ಚಿ ನೋಡೋಕಾಗಲ್ಲ. ಅದಕ್ಕೇ ಅದನ್ನ ನೀರಿನ ಜೊತೆಗೇ ಬಾಳೋ ಹಾಗೆ ಹುಟ್ಟಿಸಿದ್ದಾರೆ. ನಿನ್ನ ಗಾಡಿ ಹಾಗೆ ಹುಟ್ಟಿಲ್ಲ. ಆದರೆ ಅದಕ್ಕಿಲ್ಲದ ಭಾಗ್ಯ ಇದಕ್ಕಿದೆ, ಸಾಯಂಕಾಲ ಮೇಜಿನ ಮೇಲೆ ಬರ್ತದೆ. ಎಂ-ಸೀಲ್ ಮೆತ್ತಿದರೆ ಆ ಭಾಗ್ಯವನ್ನ ನೀನೇ ಕಳೆದ ಹಾಗೆ. ಒಳಗೆ ಸೇರಿದ ಎರಡು ತೊಟ್ಟು ನೀರು ಕಾಣೋದೂ ಇಲ್ಲ, ಆಚೆ ಬರೋದೂ ಇಲ್ಲ. ಓ-ರಿಂಗು, ಸ್ಕ್ರೂ, ಗ್ರೀಸು, ತೆಳ್ಳನೆ ಲೇಪ, ಇವೆಲ್ಲ ಮತ್ತೆ ತೆಗೆಯೋಕೆ ಬರೋ ಮುಚ್ಚಳಗಳು. ಅವನ್ನೇ ನಂಬು.

ಹುಡುಗಿ: ಹಳ್ಳದಿಂದ ಬಂದ ಮೇಲಿನ ಕೆಲಸ ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಮೊದಲು ಬ್ಯಾಟರಿ ಕೀಳೋದು. ಆಮೇಲೆ ಮನೆಯ ನಲ್ಲಿ ನೀರಲ್ಲಿ ಕೆಸರು ತೊಳೆಯೋದು.

ಮಾವ: ಬ್ಯಾಟರಿ ಮೊದಲು ಸರಿ. ತೇವದ ಜೊತೆ ಕರೆಂಟ್ ಇದ್ದರೇ ತಾಮ್ರ ಬೇಗ ಕೊಳೆಯೋದು. ನಲ್ಲಿ ನೀರು ಅಂದರೆ ಇಲ್ಲಿ ಬೋರಿನ ನೀರು, ಗಡಸು. ಒಣಗಿದ ಮೇಲೆ ಬಿಳೀ ಪುಡಿ ಕೂರ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೇ ತೊಳೆತ ಅದರಲ್ಲಿ. ಪ್ರೆಷರ್ ವಾಷರ್ ಮಾತ್ರ ಮುಟ್ಟಬೇಡ, ಹಳ್ಳ ನುಗ್ಗಿಸದ ನೀರನ್ನ ಅದು ಸೀಲು ದಾಟಿಸಿ ನುಗ್ಗಿಸ್ತದೆ.

ಹುಡುಗಿ: ರಿಸೀವರ್ ಡಬ್ಬಿ ಬಿಚ್ಚಿ ನೋಡೋದು. ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇಡ್ತೀನಿ.

ಮಾವ: ಇಡು. ಅಕ್ಕಿಯಲ್ಲಿ ಹೂಳೋದೆಲ್ಲ ಬೇಡ, ಅಕ್ಕಿ ಹಿಟ್ಟು ಸಂದಿಗೆ ಸೇರೋದೇ ಲಾಭ. ಫ್ಯಾನ್ ಗಾಳಿಗೆ ಇಡು. ಬೇರಿಂಗು ಮೋಟಾರಿಗೆ ಅದೇ ರಾತ್ರಿ ಎಣ್ಣೆ ಆಗಬೇಕು, ತುಕ್ಕು ಬೆಳಗಾಗೋವರೆಗೂ ಕಾಯಲ್ಲ. ಅಚ್ಚಿನ ಗ್ರೀಸ್ ಪ್ರತಿ ಸಲ ಬೇಡ, ಮಳೆಗಾಲದ ನಡುವೆ ಒಂದು ಸಲ, ಮುಗಿದ ಮೇಲೆ ಒಂದು ಸಲ ತೆಗೆದು ನೋಡು. ನೀರು ಕೆಸರಾಗಿತ್ತು ಅಂದರೆ ಆಗಲೇ ನೋಡು.

ಹುಡುಗಿ: ಆಟಕ್ಕಿಂತ ಕೆಲಸವೇ ಜಾಸ್ತಿ ಆಯ್ತಲ್ಲ ಮಾವ!

ಮಾವ: ನೀರಿಗೆ ಇಳಿಸಿದರೆ ಅಷ್ಟೇ. ಒಣ ಬಂಡೆ ಮೇಲೆ ಓಡಿಸ್ಕೊಂಡಿದ್ದರೆ ಬ್ರಷ್ಷು ಸಾಕಿತ್ತು.

ಹುಡುಗಿ: ಇಲ್ಲ, ಹಳ್ಳ ದಾಟಿಸ್ಲೇಬೇಕು. ಸರಿ, ಇಷ್ಟೂ ಮಾಡಿದ್ರೆ ಎಷ್ಟು ದಿನ ಗ್ಯಾರಂಟಿ?

ಮಾವ: ವೈಂಡಿಂಗ್ ಆಗಿದ್ದರೆ ಚೀಟಿ ಮೇಲೆ ಬರೆದುಕೊಡ್ತಿದ್ದೆ, ಯಾಕೆಂದರೆ ಅದನ್ನ ಗಿರಾಕಿ ಬಿಚ್ಚೋ ಹಾಗಿಲ್ಲ. ಇದು ಉಲ್ಟಾ. ನೀರಿಗೆ ಹೋದ ದಿನ ನೀನು ಬಿಚ್ಚಿದರೆ ಗ್ಯಾರಂಟಿ ಇದೆ, ಬಿಚ್ಚದೆ ಮಲಗಿದರೆ ಇಲ್ಲ. ಆ ಸಣ್ಣ ಸ್ಕ್ರೂಡ್ರೈವರ್ ಕೊಡು, ಸರ್ವೊ ಇಂದಲೇ ಶುರು ಮಾಡೋಣ.